ಮೂಲವನ್ನರಸಿದ ವೈದ್ಯ

ಈರುಳ್ಳಿಯ ಪದರದಿಂದ ತೆಳುವಾದ ಸಿಪ್ಪೆಯೊಂದನ್ನು ಸುಲಿದು, ಅದರ ಮೇಲೆ ಒಂದು ತೊಟ್ಟು ಅಯೋಡಿನ್ ದ್ರಾವಣವನ್ನು ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿದ ಗೋಡೆಯಂತಹ ನೋಟವೊಂದು ಕಾಣುತ್ತದೆ. ನಮ್ಮ ಕೆನ್ನೆಯ ಒಳಭಾಗವನ್ನು ಮೆಲ್ಲನೆ ಸವರಿ, ಅಲ್ಲಿ ದೊರೆತುದನ್ನು ಹಾಗೆಯೇ ನೋಡಿದರೆ ಇಟ್ಟಿಗೆಗಳ ಅಚ್ಚುಕಟ್ಟು ಇರುವುದಿಲ್ಲ. ತೆಳುವಾದ, ಅಂಕುಡೊಂಕಾದ ಅಂಚಿನ ಬಿಲ್ಲೆಗಳು ಚದರಿ ಬಿದ್ದಿರುತ್ತವೆ. ಆದರೆ ಇಟ್ಟಿಗೆಯಲ್ಲಿಯೂ ಬಿಲ್ಲೆಯಲ್ಲಿಯೂ ಬಣ್ಣವೇರಿದ ಒಂದು ಚಿಕ್ಕ ಚುಕ್ಕೆಯಿರುತ್ತದೆ. ಅದೇ ಕೋಶಕೇಂದ್ರ. ಗಿಡವಾಗಲಿ ಪ್ರಾಣಿಯಾಗಲಿ, ಎಲ್ಲವೂ ಇಂತಹ ಜೀವಕೋಶಗಳಿಂದ ಕಟ್ಟಲ್ಪಟ್ಟಿವೆ ಎಂಬುದನ್ನು ಇಂದು ಶಾಲೆಯ ಹುಡುಗರೆಲ್ಲರೂ ಬಲ್ಲರು. ಆದರೆ ಈ ಕೋಶಗಳು ಎಲ್ಲಿಂದ ಬಂದವು? ಸರಳವಾಗಿ ತೋರುವ ಈ ಪ್ರಶ್ನೆಗೆ ಜಗತ್ತು ಒಪ್ಪುವಂತೆ ಉತ್ತರ ಕೊಟ್ಟವನು ರುಡಾಲ್ಫ್ ವಿರ್ಖೋ. ಎಲ್ಲಿಂದ ಬಂತು ಎಂಬ ಆ ಪ್ರಶ್ನೆಯನ್ನು ಆತನು ಪ್ರಯೋಗಶಾಲೆಯಲ್ಲಿ ಮಾತ್ರವೇ ಕೇಳಲಿಲ್ಲ. ಬಡವರ ಗುಡಿಸಲುಗಳಲ್ಲಿಯೂ ಕೇಳಿದನು, ರಾಜಸಭೆಗಳ ಎದುರಿನಲ್ಲಿಯೂ ಕೇಳಿದನು.

ವಿರ್ಖೋ 1821ರ ಅಕ್ಟೋಬರ್ 13ರಂದು ಪ್ರಷ್ಯಾ ರಾಜ್ಯದ ಪೊಮರೇನಿಯ ಪ್ರಾಂತದಲ್ಲಿ ಶಿವೆಲ್‌ಬೈನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆ ಬೇಸಾಯಗಾರ, ಊರಿನ ಆಡಳಿತದಲ್ಲಿ ಖಜಾಂಚಿಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದನು. ತಂದೆತಾಯಿಗಳಿಗೆ ವಿರ್ಖೋ ಒಬ್ಬನೇ ಮಗ. ಮನೆಯಲ್ಲಿ ಸಿರಿತನವಿರಲಿಲ್ಲ. ಹುಡುಗನು ಭಾಷೆಗಳಲ್ಲಿಯೂ ವಿಜ್ಞಾನದಲ್ಲಿಯೂ ಚುರುಕಾಗಿದ್ದನು. ಧರ್ಮೋಪದೇಶಕನಾಗಬೇಕೆಂಬ ಬಯಕೆ ಮೊದಲಲ್ಲಿ ಆತನಿಗಿತ್ತು. ತನ್ನ ಕಂಠ ಆ ವೃತ್ತಿಗೆ ಸಾಲದೆಂದು ಭಾವಿಸಿ ಅದನ್ನು ಕೈಬಿಟ್ಟನು. ಸೈನ್ಯಕ್ಕೆ ವೈದ್ಯರನ್ನು ಸಿದ್ಧಪಡಿಸುವ ಸಂಸ್ಥೆಯೊಂದು ಬರ್ಲಿನ್ ನಗರದಲ್ಲಿತ್ತು. 1839ರಲ್ಲಿ ವಿದ್ಯಾರ್ಥಿವೇತನದ ಆಸರೆಯಿಂದ ಆತನು ಅಲ್ಲಿ ವೈದ್ಯ ವಿದ್ಯಾರ್ಥಿಯಾದನು.

ಆ ವರುಷ ಜೀವವಿಜ್ಞಾನದ ಇತಿಹಾಸದಲ್ಲಿ ಬಹು ಮುಖ್ಯವಾದುದು. ಅದಕ್ಕೆ ಬಹಳ ಹಿಂದೆ, 1665ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುಪದರದಲ್ಲಿ ಬರಿದಾದ ಸಣ್ಣ ಗೂಡುಗಳನ್ನು ಕಂಡು ಅವಕ್ಕೆ ಕೋಶವೆಂಬ ಹೆಸರನ್ನಿಟ್ಟಿದ್ದನು. 1831ರಲ್ಲಿ ರಾಬರ್ಟ್ ಬ್ರೌನ್ ಸಸ್ಯಕೋಶಗಳೊಳಗಿನ ಕೇಂದ್ರವನ್ನು ಗುರುತಿಸಿ ಹೆಸರಿಸಿದನು. 1838ರಲ್ಲಿ ಶ್ಲೈಡೆನ್, ಸಸ್ಯಗಳೆಲ್ಲವೂ ಕೋಶಗಳಿಂದ ಆಗಿವೆಯೆಂದು ಸಾರಿದನು. ಮರುವರ್ಷ ಶ್ವಾನ್, ಪ್ರಾಣಿಗಳ ದೇಹವೂ ಕೋಶಗಳಿಂದಲೇ ಆಗಿದೆಯೆಂದು ತೋರಿಸಿ, ಗಿಡಕ್ಕೂ ಪ್ರಾಣಿಗೂ ನಡುವೆ ಇದ್ದ ಅಡ್ಡಗೋಡೆಯನ್ನು ಕೆಡವಿದನು. ಬರ್ಲಿನ್ ನಗರದ ಹೆಸರಾಂತ ಗುರು ಯೋಹಾನೆಸ್ ಮ್ಯುಲ್ಲರನ ಬಳಿ ಶ್ವಾನ್ ದುಡಿದಿದ್ದನು. ಅದೇ ಗುರುವಿನಲ್ಲಿ ವಿರ್ಖೋ ಶಿಷ್ಯನಾದನು. ಆದರೆ ಒಂದು ತೊಡಕು ಉಳಿದಿತ್ತು. ಸಕ್ಕರೆಯ ಪಾಕದಲ್ಲಿ ಹರಳುಗಳು ಕಟ್ಟುವಂತೆ, ಕೋಶಗಳಲ್ಲದ ಒಂದು ದ್ರವದಲ್ಲಿ ಹೊಸ ಕೋಶಗಳು ತಾವಾಗಿಯೇ ರೂಪುಗೊಳ್ಳುತ್ತವೆಯೆಂದು ಶ್ವಾನ್ ನಂಬಿದ್ದನು. ಆ ಕಾಲದ ವಿದ್ವಾಂಸರಲ್ಲಿ ಬಹುಮಂದಿ ಅದನ್ನೇ ಒಪ್ಪಿದ್ದರು.

1843ರಲ್ಲಿ ಪದವಿ ಪಡೆದ ವಿರ್ಖೋ ಬರ್ಲಿನ್ ನಗರದ ಶಾರಿಟೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು. ಮೃತರ ದೇಹಗಳನ್ನು ಪರೀಕ್ಷಿಸಿ ಸಾವಿನ ಕಾರಣವನ್ನು ತಿಳಿಯುವುದು ಆತನ ಹೊಣೆಯಾಗಿತ್ತು. ಕೆಲವರ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಸಿಕ್ಕಿಕೊಂಡಿರುತ್ತಿತ್ತು. ಅದು ಅಲ್ಲಿಯೇ ಹುಟ್ಟಿತೆಂದು ಹಿರಿಯರು ಹೇಳುತ್ತಿದ್ದರು. ವಿರ್ಖೋ ಅಷ್ಟಕ್ಕೆ ತೃಪ್ತನಾಗಲಿಲ್ಲ. ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಕಾಲಿನಂತಹ ದೂರದ ಭಾಗದಲ್ಲಿ ಹುಟ್ಟಿದ ಗಡ್ಡೆಯ ತುಂಡು ರಕ್ತದೊಡನೆ ಸಾಗಿಬಂದು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಲ್ಲದೆಂದು ತೋರಿಸಿಕೊಟ್ಟನು. ತೊಂದರೆ ಕಾಣಿಸಿಕೊಂಡ ಜಾಗವೇ ಅದು ಹುಟ್ಟಿದ ಜಾಗವಾಗಿರಬೇಕಿಲ್ಲ ಎಂಬ ಪಾಠವನ್ನು ಆತನು ತನ್ನ ಯೌವನದಲ್ಲಿಯೇ ಕಲಿತನು. ಬಿಳಿಯ ರಕ್ತಕಣಗಳು ಮಿತಿಮೀರಿ ಹೆಚ್ಚುವ ರೋಗವೊಂದನ್ನು 1845ರಲ್ಲಿ ವಿವರಿಸಿ, ಎರಡು ವರುಷಗಳ ಬಳಿಕ ಅದಕ್ಕೆ ಲ್ಯುಕೇಮಿಯ ಎಂಬ ಹೆಸರನ್ನು ಕೊಟ್ಟವನೂ ಆತನೇ. 1847ರಲ್ಲಿ ಗೆಳೆಯನೊಡನೆ ವೈದ್ಯಶಾಸ್ತ್ರದ ಪತ್ರಿಕೆಯೊಂದನ್ನು ಸ್ಥಾಪಿಸಿದನು. ಅದು ಇಂದಿಗೂ ಆತನ ಹೆಸರಿನಲ್ಲಿ ಪ್ರಕಟವಾಗುತ್ತಿದೆ.

1848ರ ಆರಂಭದಲ್ಲಿ ಆತನ ಬಾಳನ್ನು ತಿರುಗಿಸಿದ ಘಟನೆಯೊಂದು ನಡೆಯಿತು. ಪ್ರಷ್ಯಾದ ಅಂಚಿನಲ್ಲಿದ್ದ ಮೇಲಣ ಸೈಲೀಷಿಯ ಪ್ರಾಂತದಲ್ಲಿ ಟೈಫಸ್ ಜ್ವರ ಹಬ್ಬಿ ಜನರು ಸಾಯುತ್ತಿದ್ದರು. ಅದನ್ನು ಪರಿಶೀಲಿಸಿ ಬರುವಂತೆ ಸರಕಾರವು ಇಪ್ಪತ್ತಾರು ವರುಷದ ಈ ವೈದ್ಯನನ್ನು ಕಳುಹಿಸಿತು. ಆತನು ಸುಮಾರು ಮೂರು ವಾರಗಳ ಕಾಲ ಅಲ್ಲಿಯ ಹಳ್ಳಿಗಳಲ್ಲಿ ತಿರುಗಿದನು. ಬೆಳೆ ಕೆಟ್ಟು ಬರಗಾಲ ಬಂದಿತ್ತು. ಜನರಿಗೆ ಹೊಟ್ಟೆಗೆ ಹಿಟ್ಟಿರಲಿಲ್ಲ, ಮೈಗೆ ಬಟ್ಟೆಯಿರಲಿಲ್ಲ. ಇಕ್ಕಟ್ಟಾದ ಗುಡಿಸಲುಗಳಲ್ಲಿ ರೋಗಿಗಳೂ ಆರೋಗ್ಯವಂತರೂ ಒಟ್ಟಿಗೆ ಮಲಗುತ್ತಿದ್ದರು. ಜಮೀನಿನ ಫಲವೆಲ್ಲ ದೊಡ್ಡ ಒಡೆಯರ ಪಾಲಾಗುತ್ತಿತ್ತು. ಜನರ ನುಡಿ ಪೋಲಿಷ್, ಅಧಿಕಾರಿಗಳ ನುಡಿ ಜರ್ಮನ್. ಹೀಗಾಗಿ ಅವರ ಅಳಲನ್ನು ಕೇಳುವವರೇ ಇರಲಿಲ್ಲ.

ಹೇನುಗಳಿಂದ ಟೈಫಸ್ ಹರಡುತ್ತದೆಯೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಅದು ಗೊತ್ತಾದುದು 1909ರಲ್ಲಿ. ಆದರೆ ಅದೇ ಜ್ವರ ಬಡವರ ನಡುವೆ ಇಷ್ಟು ಘೋರವಾಗಿ ಹಬ್ಬುವುದೇಕೆ ಎಂಬುದನ್ನು ವಿರ್ಖೋ ಕಂಡುಕೊಂಡನು. ಸರಕಾರ ಬಯಸಿದ್ದುದು ಬಹುಶಃ ಒಂದಿಷ್ಟು ಔಷಧಗಳ ಪಟ್ಟಿಯನ್ನು. ಆತನು ಬರೆದ ವರದಿಯಲ್ಲಿದ್ದುದು ಬೇರೆಯೇ ಚಿಕಿತ್ಸೆ. ಜನರಿಗೆ ತಮ್ಮ ತಾಯ್ನುಡಿಯಲ್ಲಿ ಶಿಕ್ಷಣ ದೊರೆಯಬೇಕು, ತೆರಿಗೆಯ ಭಾರ ಬಡವರ ಮೇಲಿನಿಂದ ಇಳಿಯಬೇಕು, ರಸ್ತೆಗಳಾಗಬೇಕು, ಬೇಸಾಯ ಸುಧಾರಿಸಬೇಕು, ತಮ್ಮ ಆಡಳಿತದಲ್ಲಿ ಅವರಿಗೂ ಪಾಲಿರಬೇಕು ಎಂದು ಆತನು ನಿರ್ಭಯವಾಗಿ ಬರೆದನು. ಜ್ವರದ ಮೂಲ ಹಸಿವು ಮತ್ತು ಅಜ್ಞಾನಗಳಲ್ಲಿದೆ, ಅವುಗಳ ಮೂಲ ಆಡಳಿತದ ಉಪೇಕ್ಷೆಯಲ್ಲಿದೆ ಎಂಬುದು ಆತನ ತೀರ್ಮಾನವಾಗಿತ್ತು.

ಆತನು ಬರ್ಲಿನ್ ನಗರಕ್ಕೆ ಮರಳಿದ ಕೆಲವೇ ದಿನಗಳಲ್ಲಿ, ಆ ಮಾರ್ಚಿಯಲ್ಲಿ, ಜನರು ಸ್ವಾತಂತ್ರ್ಯಕ್ಕಾಗಿ ದಂಗೆಯೆದ್ದರು. ಬೀದಿಗಳಲ್ಲಿ ತಡೆಗಳನ್ನು ಕಟ್ಟಿದ ನಾಗರಿಕರೊಡನೆ ವಿರ್ಖೋನೂ ನಿಂತನು. ವೈದ್ಯಕೀಯ ಸುಧಾರಣೆಗಾಗಿ ವಾರಪತ್ರಿಕೆಯೊಂದನ್ನು ಹೊರಡಿಸಿದನು. ಕ್ರಾಂತಿ ವಿಫಲವಾಯಿತು. 1849ರಲ್ಲಿ ಸರಕಾರವು ಆತನನ್ನು ಹುದ್ದೆಯಿಂದ ತೆಗೆಯಲು ಆಜ್ಞೆ ಮಾಡಿತು. ಆಜ್ಞೆ ಮುಂದೆ ಸ್ವಲ್ಪ ಸಡಿಲವಾದರೂ ಬರ್ಲಿನ್ ನಗರದಲ್ಲಿ ಆತನಿಗೆ ಭವಿಷ್ಯವಿರಲಿಲ್ಲ. ಅದೇ ವರುಷ ಬವೇರಿಯಾ ರಾಜ್ಯದ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯವು ಆತನನ್ನು ಪ್ರಾಧ್ಯಾಪಕನಾಗಿ ಬರಮಾಡಿಕೊಂಡಿತು. 1850ರಲ್ಲಿ ಆತನು ರೋಸ್ ಮಾಯರ್ ಎಂಬಾಕೆಯನ್ನು ಮದುವೆಯಾದನು.

ವುರ್ಟ್ಸ್‌ಬುರ್ಗ್‌ನ ಏಳು ವರುಷಗಳಲ್ಲಿ ವಿರ್ಖೋ ರಾಜಕೀಯದಿಂದ ದೂರವಿದ್ದು ಸೂಕ್ಷ್ಮದರ್ಶಕದ ಮುಂದೆ ಕುಳಿತನು. ಗಾಯ ಮಾಯುವಾಗ, ಮೂಳೆ ಬೆಳೆಯುವಾಗ, ಗಂತಿಗಳು ಹುಟ್ಟುವಾಗ ಹೊಸ ಕೋಶಗಳು ಎಲ್ಲಿಂದ ಬರುತ್ತವೆಯೆಂದು ಮತ್ತೆ ಮತ್ತೆ ನೋಡಿದನು. ಮೊದಲು ತಾನೂ ನಂಬಿದ್ದ ಹಳೆಯ ಮತವನ್ನು ಕೈಬಿಟ್ಟು, 1855ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದನು. ಪ್ರತಿಯೊಂದು ಕೋಶವೂ ಅದಕ್ಕಿಂತ ಮೊದಲಿದ್ದ ಕೋಶದಿಂದಲೇ ಹುಟ್ಟುತ್ತದೆ ಎಂಬುದೇ ಅದರ ಸಾರ. ದೀಪದಿಂದ ದೀಪವನ್ನು ಹಚ್ಚುವಂತೆ ಜೀವವು ಕೋಶದಿಂದ ಕೋಶಕ್ಕೆ ಎಡೆಬಿಡದೆ ಸಾಗಿಬಂದಿದೆಯೆಂಬ ಅರಿವು ಇದರಿಂದ ಮೂಡಿತು.

ಇಲ್ಲಿ ಇನ್ನೊಬ್ಬನನ್ನು ನೆನೆಯದೆ ಮುಂದುವರಿಯುವುದು ನ್ಯಾಯವಲ್ಲ. ಆತನು ರಾಬರ್ಟ್ ರೆಮಾಕ್. ಮ್ಯುಲ್ಲರನ ಇನ್ನೊಬ್ಬ ಶಿಷ್ಯ. ಕೋಶಗಳು ಇಬ್ಭಾಗವಾಗಿ ಹೆಚ್ಚುವುದನ್ನು ಭ್ರೂಣಗಳಲ್ಲಿ ನೋಡಿ, 1852ರಲ್ಲಿಯೇ ರೆಮಾಕ್ ಅದನ್ನು ಪ್ರಕಟಿಸಿದ್ದನು. 1855ರ ಲೇಖನದಲ್ಲಿ ವಿರ್ಖೋ ಆತನ ಹೆಸರನ್ನು ಹೇಳಲಿಲ್ಲ. ಯೆಹೂದ್ಯನಾಗಿದ್ದ ಕಾರಣ ರೆಮಾಕನಿಗೆ ಪ್ರಷ್ಯಾದಲ್ಲಿ ಪೂರ್ಣ ಪ್ರಾಧ್ಯಾಪಕನ ಪೀಠವು ಕೊನೆಯವರೆಗೂ ದೊರೆಯಲಿಲ್ಲ. 1865ರಲ್ಲಿ ಆತನು ತೀರಿಕೊಂಡನು. ತುಳಿತಕ್ಕೆ ಸಿಕ್ಕವರ ಪರವಾಗಿ ಬರೆದ ಲೇಖನಿಯೇ ಇಲ್ಲಿ ಮೌನವಾಗಿದ್ದುದು ವಿರ್ಖೋನ ಬಾಳಿನ ಒಂದು ಕಲೆ. ಇಂದಿನ ಇತಿಹಾಸಕಾರರು ರೆಮಾಕನಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸುತ್ತಿದ್ದಾರೆ.

1856ರಲ್ಲಿ, ಒಮ್ಮೆ ತನ್ನನ್ನು ಹೊರದೂಡಿದ್ದ ಬರ್ಲಿನ್ ನಗರವೇ ವಿರ್ಖೋನನ್ನು ಮರಳಿ ಕರೆಯಿತು. ತನಗಾಗಿ ರೋಗವಿಜ್ಞಾನದ ಸಂಸ್ಥೆಯೊಂದನ್ನು ಕಟ್ಟಿಕೊಡಬೇಕೆಂಬ ಷರತ್ತಿನ ಮೇಲೆ ಆತನು ಬಂದನು. 1858ರಲ್ಲಿ ವೈದ್ಯರಿಗೆ ಕೊಟ್ಟ ಇಪ್ಪತ್ತು ಉಪನ್ಯಾಸಗಳು ಅದೇ ವರುಷ ಗ್ರಂಥವಾಗಿ ಹೊರಬಂದವು. ದೇಹದ ರಸಗಳು ಕೆಟ್ಟು ರೋಗ ಬರುತ್ತದೆಯೆಂಬ ಎರಡು ಸಾವಿರ ವರುಷಗಳ ನಂಬಿಕೆಯನ್ನು ಆ ಗ್ರಂಥವು ಅಲುಗಿಸಿತು. ರೋಗವೆಂದರೆ ಕೋಶಗಳ ಕೆಲಸದಲ್ಲಿ ಉಂಟಾದ ಏರುಪೇರು ಎಂದು ಆತನು ವಾದಿಸಿದನು. ಅಂದಿನಿಂದ ವೈದ್ಯನ ಕಣ್ಣು ಕೋಶದ ಕಡೆಗೆ ತಿರುಗಿತು. ಇಂದು ಗಂತಿಯಿಂದ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವ ಪದ್ಧತಿಯ ಹಿಂದೆ ಈ ವಿಚಾರವೇ ಇದೆ.

ವಿರ್ಖೋನ ಬಳಿಕ ಕೋಶದ ಒಳಗನ್ನು ವಿಜ್ಞಾನಿಗಳು ಇನ್ನೂ ಆಳವಾಗಿ ಕಂಡಿದ್ದಾರೆ. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ತೆಳುವಾದ ಪೊರೆಯೊಂದಿದೆ. ಯಾವುದು ಒಳಬರಬೇಕು, ಯಾವುದು ಹೊರಹೋಗಬೇಕು ಎಂಬುದನ್ನು ಅದು ಕಾಯುತ್ತದೆ. ಎರಡರಲ್ಲಿಯೂ ಕೋಶಕೇಂದ್ರವು ಅನುವಂಶಿಕ ಗುಣಗಳನ್ನು ಹಿಡಿದಿಟ್ಟುಕೊಂಡು ಕೋಶದ ಕೆಲಸಗಳನ್ನು ನಡೆಸುತ್ತದೆ. ಎರಡರಲ್ಲಿಯೂ ಮೈಟೊಕಾಂಡ್ರಿಯಗಳು ಆಹಾರದಿಂದ ಶಕ್ತಿಯನ್ನು ಒದಗಿಸುತ್ತವೆ. ಸಸ್ಯಕೋಶಕ್ಕೆ ಪೊರೆಯ ಹೊರಗೆ ಗಟ್ಟಿಯಾದ ಭಿತ್ತಿಯುಂಟು. ಎಲುಬುಗಳಿಲ್ಲದ ಗಿಡವು ನೆಟ್ಟಗೆ ನಿಲ್ಲುವುದಕ್ಕೆ ಆ ಭಿತ್ತಿಯೂ, ಒಳಗಿನ ದೊಡ್ಡ ರಸದಾನಿಯಲ್ಲಿ ತುಂಬಿದ ನೀರಿನ ಒತ್ತಡವೂ ನೆರವಾಗುತ್ತವೆ. ಎಲೆಯ ಕೋಶಗಳಲ್ಲಿರುವ ಹಸಿರು ಕಣಗಳು ಬಿಸಿಲನ್ನು ಹಿಡಿದು ಆಹಾರವನ್ನು ತಯಾರಿಸುತ್ತವೆ. ಪ್ರಾಣಿಕೋಶಕ್ಕೆ ಭಿತ್ತಿಯೂ ಇಲ್ಲ, ಹಸಿರು ಕಣಗಳೂ ಇಲ್ಲ. ಆದುದರಿಂದಲೇ ಅದಕ್ಕೆ ಬಾಗುವ, ಚಾಚುವ ಸೌಲಭ್ಯವಿದೆ. ಆಹಾರಕ್ಕಾಗಿ ಇತರರನ್ನು ಅವಲಂಬಿಸುವ ಅನಿವಾರ್ಯತೆಯೂ ಇದೆ. ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆಯೆಂದು ಅಂದಾಜು. ಅವೆಲ್ಲವೂ ಒಂದೇ ಕೋಶದಿಂದ ವಿಭಜನೆಗೊಂಡು ಬಂದವು. ದೇಹವನ್ನು ವಿರ್ಖೋ ನಾಗರಿಕರ ಒಂದು ರಾಜ್ಯಕ್ಕೆ ಹೋಲಿಸುತ್ತಿದ್ದನು. ಅಲ್ಲಿ ಕೋಶವೇ ಪ್ರಜೆ.

ಕೋಶದ ಯೋಗಕ್ಷೇಮವೇ ದೇಹದ ಯೋಗಕ್ಷೇಮವೆಂದು ಕಂಡವನು ಪ್ರಜೆಗಳನ್ನು ಮರೆಯಲಿಲ್ಲ. 1859ರಲ್ಲಿ ಬರ್ಲಿನ್ ನಗರಸಭೆಗೆ ಆಯ್ಕೆಯಾದ ವಿರ್ಖೋ ಸಾಯುವವರೆಗೂ ಅದರ ಸದಸ್ಯನಾಗಿದ್ದನು. ಆ ನಗರದ ಕೊಳಚೆ ಆಗ ಬೀದಿಯ ತೆರೆದ ಮೋರಿಗಳಲ್ಲಿ ಹರಿದು ರೋಗಗಳಿಗೆ ತವರಾಗಿತ್ತು. ನೆಲದಡಿಯ ಕೊಳವೆಗಳಲ್ಲಿ ಅದನ್ನು ಊರ ಹೊರಗಿನ ಹೊಲಗಳಿಗೆ ಸಾಗಿಸುವ ಯೋಜನೆಯನ್ನು ಹೋಬ್ರೆಕ್ಟ್ ಎಂಬ ಎಂಜಿನಿಯರನು ರೂಪಿಸಿದನು. ವಿರ್ಖೋ ಅದಕ್ಕೆ ಒತ್ತಾಸೆಯಾಗಿ ನಿಂತನು. 1873ರಲ್ಲಿ ಕೆಲಸ ಆರಂಭವಾಯಿತು. ನಗರಸಭೆಯ ಆಸ್ಪತ್ರೆಗಳು, ಮಾಂಸದ ತಪಾಸಣೆ, ಶಾಲೆಗಳ ನೈರ್ಮಲ್ಯ—ಇವೆಲ್ಲವೂ ಆತನ ದುಡಿಮೆಯ ಕ್ಷೇತ್ರಗಳಾದವು.

ಪ್ರಷ್ಯಾದ ಶಾಸನಸಭೆಯಲ್ಲಿ ಆತನು ಪ್ರಧಾನಿ ಬಿಸ್ಮಾರ್ಕನ ಸೇನಾವೆಚ್ಚವನ್ನು ವಿರೋಧಿಸಿದನು. 1865ರಲ್ಲಿ ಆತನ ಮಾತಿನಿಂದ ಕೆರಳಿದ ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಆಹ್ವಾನವಿತ್ತನು. ವಿರ್ಖೋ ಅದನ್ನು ತಿರಸ್ಕರಿಸಿದನು. ಜರ್ಮನರು ಒಂದೇ ಹೊಂಗೂದಲಿನ ಶುದ್ಧ ಜನಾಂಗದವರೆಂದು ಕೆಲವರು ಸಾರುತ್ತಿದ್ದಾಗ, ಸುಮಾರು 67 ಲಕ್ಷ ಶಾಲಾಮಕ್ಕಳ ಕೂದಲು, ಕಣ್ಣು, ಚರ್ಮಗಳ ಬಣ್ಣವನ್ನು ಕುರಿತ ಸಮೀಕ್ಷೆಯನ್ನು ಆತನು ನಡೆಸಿದನು. 1886ರಲ್ಲಿ ಪ್ರಕಟವಾದ ಫಲಿತಾಂಶವು ಎಲ್ಲೆಡೆಯಲ್ಲಿಯೂ ಜನರು ಬೆರೆತಿರುವುದನ್ನೇ ತೋರಿಸಿತು. ಆ ಎಚ್ಚರಿಕೆಯ ಮಾತಿಗೆ ಮುಂದಿನ ಪೀಳಿಗೆ ಕಿವಿಗೊಡದೆ ಹೋದುದರ ದುರಂತವನ್ನು ಇಪ್ಪತ್ತನೆಯ ಶತಮಾನವು ಅನುಭವಿಸಿತು.

ಇಂತಹ ಮೇಧಾವಿಯೂ ತಪ್ಪಿಗೆ ಅತೀತನಾಗಿರಲಿಲ್ಲ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಜೀವಾಣುವನ್ನು ತೋರಿಸಿದಾಗ ವಿರ್ಖೋ ಸಂಶಯದಿಂದಲೇ ನೋಡಿದನು. ನಿಯಾಂಡರ್ತಾಲ್ ಕಣಿವೆಯಲ್ಲಿ ದೊರೆತ ಪ್ರಾಚೀನ ಮಾನವನ ಎಲುಬುಗಳನ್ನು ರೋಗಿಯೊಬ್ಬನ ಎಲುಬುಗಳೆಂದು ಭಾವಿಸಿದನು. ತನ್ನ ಕಾಲದ ಹಿರಿಯರನ್ನು ಪ್ರಶ್ನಿಸಿ ಬೆಳೆದವನು ತಾನೇ ಹಿರಿಯನಾದಾಗ ಕಿರಿಯರ ಪ್ರಶ್ನೆಗೆ ಸುಲಭವಾಗಿ ಬಾಗಲಿಲ್ಲ. ಜ್ಞಾನಿಗಳೂ ನೆನಪಿಡಬೇಕಾದ ಸಂಗತಿಯಿದು.

1902ರ ಜನವರಿಯಲ್ಲಿ, ಎಂಬತ್ತರ ಆ ಮುದುಕನು ಚಲಿಸುತ್ತಿದ್ದ ಟ್ರಾಮ್ ಬಂಡಿಯಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡನು. ಆ ಪೆಟ್ಟಿನಿಂದ ಆತನು ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು ಬರ್ಲಿನ್ ನಗರದಲ್ಲಿ ಕೊನೆಯುಸಿರೆಳೆದನು.

ವಿರ್ಖೋನ ಸಮಕಾಲೀನರಲ್ಲಿ ಆತನಷ್ಟೇ ಚೆನ್ನಾಗಿ ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲವರು ಹಲವರಿದ್ದರು. ಆದರೆ ಅದರಿಂದ ತಲೆಯೆತ್ತಿ ಕಿಟಕಿಯ ಹೊರಗಿನ ಬೀದಿಯನ್ನೂ ಅದೇ ಕಣ್ಣಿನಿಂದ ನೋಡಿದವರು ವಿರಳ. ಕೋಶದ ಹಿಂದೆ ಕೋಶವನ್ನು, ರೋಗದ ಹಿಂದೆ ಹಸಿವನ್ನು, ಹಸಿವಿನ ಹಿಂದೆ ಅನ್ಯಾಯವನ್ನು ಆತನು ಕಂಡನು. ಮುಂದೊಮ್ಮೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಸಿಪ್ಪೆಯನ್ನು ನೋಡುವಾಗ, ಎಲ್ಲಿಂದ ಬಂತು ಎಂಬ ಆತನ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳೋಣ. ಹೊರಗೆ ಬಂದು ನಮ್ಮ ಊರಿನ ಬೀದಿಯನ್ನು ನೋಡುವಾಗಲೂ ಅದನ್ನು ಮರೆಯದಿರೋಣ.