ತಟ್ಟೆಯಲ್ಲಿ ಉಳಿದ ಊಟ

ರೋಗಿಯ ತಲೆದೆಸೆಯಲ್ಲಿ ಮುಟ್ಟದೆ ಉಳಿದ ಗಂಜಿಯ ಬಟ್ಟಲನ್ನು ನೀವೂ ಕಂಡಿರಬಹುದು. ಹಸಿವಾದಾಗ ಕುಡಿಯಲಿ ಎಂದು ಮನೆಯವರು ಅಲ್ಲಿಯೇ ಇಟ್ಟಿರುತ್ತಾರೆ. ಹಾಗೆ ಇಟ್ಟ ಊಟ ರೋಗಿಗೆ ಆಹಾರವೇ ಬೇಡವೆನಿಸುವಂತೆ ಮಾಡುತ್ತದೆಂದು 1859ರಲ್ಲೇ ಬರೆದವರು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ಮಹಿಳೆ ಎಂದು ಶಾಲೆಯಲ್ಲಿ ಅವರ ಬಗ್ಗೆ ಓದಿದ್ದೀರಿ. ಅವರು ಲೆಕ್ಕದಲ್ಲಿಯೂ ಗಟ್ಟಿಗರಾಗಿದ್ದರೆಂಬುದನ್ನು ಹೇಳುವವರು ಕಡಿಮೆ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದರು. ದಾದಿಯ ಕೆಲಸವನ್ನು ಹೆತ್ತವರು ಒಪ್ಪಲಿಲ್ಲ. ಆದರೂ ಹಟ ಬಿಡದೆ 1851ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದರು. 1854ರ ನವೆಂಬರಿನಲ್ಲಿ, ಕ್ರಿಮಿಯಾ ಯುದ್ಧದ ಸಮಯ, 38 ದಾದಿಯರೊಂದಿಗೆ ಇಸ್ತಾಂಬುಲ್‌ನ ಉಸ್ಕುದಾರಿಗೆ ಬಂದಿಳಿದರು. ಉಸ್ಮಾನಿ ಸರಕಾರ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ಸಲೀಮಿಯಾ ಸೈನಿಕ ವಸತಿಯೇ ಅಲ್ಲಿ ಆಸ್ಪತ್ರೆಯಾಗಿತ್ತು.

ಅಲ್ಲಿನ ಅಡುಗೆಮನೆಯನ್ನು ಊಹಿಸಿಕೊಳ್ಳಿ. ದೊಡ್ಡ ಹಂಡೆಗಳಲ್ಲಿ ಮಾಂಸದ ತುಂಡುಗಳು ಒಟ್ಟಿಗೆ ಬೇಯುತ್ತಿದ್ದವು. ಮೊದಲು ಹಾಕಿದ್ದು ನಾರಾಗುತ್ತಿತ್ತು, ಕೊನೆಗೆ ಹಾಕಿದ್ದು ಹಸಿಯಾಗಿಯೇ ಉಳಿಯುತ್ತಿತ್ತು. ಮೂಳೆ ಸಹಿತ ತೂಗಿ ಹಂಚುತ್ತಿದ್ದುದರಿಂದ ಕೆಲವರ ಪಾಲಿಗೆ ಬರೀ ಮೂಳೆ! ನೈಟಿಂಗೇಲ್ ಪ್ರತ್ಯೇಕ ಪಥ್ಯದ ಅಡುಗೆಮನೆಗಳನ್ನು ತೆರೆದರು. 1855ರಲ್ಲಿ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೋಯರ್ ಬಂದು ಅಡುಗೆಯನ್ನು ಇನ್ನಷ್ಟು ಸರಿಪಡಿಸಿದರು.

ಆದರೆ ಪಥ್ಯದ ಅಡುಗೆ ಶುರುವಾದ ಮೇಲೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 42 ಮಂದಿ ತೀರಿಕೊಂಡರು. ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದಡಿಯ ಚರಂಡಿಗಳನ್ನು ತೊಳೆಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಊರಿಗೆ ಮರಳಿದ ಮೇಲೆ ವಿಲಿಯಂ ಫಾರ್ ಅವರ ನೆರವಿನಿಂದ ಅಂಕಿಅಂಶಗಳನ್ನು ಪರಿಶೀಲಿಸಿ, ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಜೀವ ತೆಗೆದವೆಂದು 1858ರಲ್ಲಿ ಚಿತ್ರ ಬರೆದು ತೋರಿಸಿದರು. ತಾನೇ ದುಡಿದ ಆಸ್ಪತ್ರೆಯ ಸಾವುಗಳನ್ನು ಹೀಗೆ ಜಗತ್ತಿನ ಮುಂದಿಡಲು ಎಷ್ಟು ಎದೆಗಾರಿಕೆ ಬೇಕು!

ಮನೆಯಲ್ಲಿ ಶುಶ್ರೂಷೆ ಮಾಡುವ ಮಹಿಳೆಯರಿಗಾಗಿ ಬರೆದ ಪುಸ್ತಕದಲ್ಲಿ ಆಹಾರದ ಸಲಹೆಗಳನ್ನೂ ಅವರು ಹಾಗೆಯೇ ಒರೆಗೆ ಹಚ್ಚಿದರು. ಜ್ವರ ಬಂದವರಿಗೆ ಮಾಂಸದ ಸೂಪೇ ಸರ್ವಸ್ವ ಎಂಬ ನಂಬಿಕೆ ಅಂದು ಅಲ್ಲಿತ್ತು (ನಮ್ಮ ಮನೆಗಳಲ್ಲೂ ಮೊದಲು ನೆನಪಾಗುವುದು ಅದೇ ಅಲ್ಲವೇ?). ಸೂಪನ್ನು ಬತ್ತಿಸಿ ನೋಡಿ ಎಂದರು ಅವರು. ಒಂದು ದೊಡ್ಡ ಲೋಟದಷ್ಟರಲ್ಲಿ ಉಳಿಯುವ ಗಟ್ಟಿ ಅಂಶ ಒಂದು ಚಮಚದಷ್ಟೂ ಇರುವುದಿಲ್ಲ. ಅದರಿಂದ ಚೇತರಿಕೆಗೆ ಸಹಾಯವುಂಟು, ಅದೊಂದರಿಂದಲೇ ಬದುಕು ಸಾಗದು.

ಮೂರು ಗಂಟೆಗೊಮ್ಮೆ ಒಂದು ಕಪ್ ಕೊಡಬೇಕೆಂದು ವೈದ್ಯರು ಹೇಳಿದ್ದಾರೆ, ರೋಗಿಯ ಹೊಟ್ಟೆ ಒಪ್ಪುತ್ತಿಲ್ಲ. ಆಗ ಏನು ಮಾಡುತ್ತೀರಿ? ಗಂಟೆಗೊಂದು ದೊಡ್ಡ ಚಮಚ ಕೊಡಿ, ಅದೂ ಆಗದಿದ್ದರೆ ಕಾಲು ಗಂಟೆಗೊಂದು ಚಿಕ್ಕ ಚಮಚ, ಎಂಬುದು ಅವರ ಸಲಹೆ. ವೈದ್ಯರು ರೋಗಿಯನ್ನು ನೋಡುವುದು ಸ್ವಲ್ಪ ಹೊತ್ತು ಮಾತ್ರ. ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ತಟ್ಟೆಯಲ್ಲಿ ಉಳಿಯಿತು ಎಂದು ಅವರಿಗೆ ತಿಳಿಸಬೇಕಾದವರು ಪಕ್ಕದಲ್ಲಿರುವವರೇ.

1857ರ ಬಳಿಕ ನೈಟಿಂಗೇಲ್ ಸ್ವತಃ ವರ್ಷಗಟ್ಟಲೆ ಹಾಸಿಗೆ ಹಿಡಿದರು. ಆಸ್ಪತ್ರೆಗಳ ಬಗ್ಗೆ ಬರೆಯುವುದನ್ನು ಅಲ್ಲಿಂದಲೇ ಮುಂದುವರಿಸಿದರು. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ, ಲಂಡನಿನಲ್ಲಿ ನಿಧನರಾದರು.