ಚೆಂಡು ಮುಟ್ಟಬಹುದು, ಲೋಟ ಮುಟ್ಟಬಾರದು: ಧಾರವಾಡದಲ್ಲಿ ಹುಟ್ಟಿದ ಬೌಲರ್ ಪಲ್ವಂಕರ್ ಬಾಲೂ ಕಥೆ

ಗೋಪಿನಾಥಂ: ಈ ಊರಿನ ಹೆಸರು ಹೇಳಿದ್ರೆ ಹೊರಗಿನವರು ಇವತ್ತಿಗೂ ಕೇಳೋದು ಕಾಡಿನ ಕಥೇನೇ. ಊರ ಹೈಕಳಿಗೆ ಆ ಕಥೆ ಹಳೇದಾಯ್ತು. ಭಾನುವಾರ ಟೆನಿಸ್ ಬಾಲ್ ಮ್ಯಾಚ್ ಮುಗಿಸಿ ಟೀ ಅಂಗಡಿ ಮುಂದೆ ಕೂತರೆ ಅವರ ಮಾತೆಲ್ಲ ಕ್ರಿಕೆಟ್ಟೇ. ಹನೂರು, ಕೊಳ್ಳೇಗಾಲ, ಯಳಂದೂರಲ್ಲೂ ಇದೇ ಕಥೆ. ಐವತ್ತು ದಾಟಿದವರು 1983ರ ಜೂನ್ 25ರಂದು ಕಪಿಲ್ ದೇವ್ ಹಿಂದಕ್ಕೆ ಓಡಿ ಹಿಡಿದ ರಿಚರ್ಡ್ಸ್ ಕ್ಯಾಚೇ ದೊಡ್ಡದು ಅಂತಾರೆ. ಹುಡುಗರು 2024ರ ಜೂನ್ 29ರಂದು ಬೌಂಡರಿ ಗೆರೆ ಮೇಲೆ ಸೂರ್ಯಕುಮಾರ್ ಹಿಡಿದ ಮಿಲ್ಲರ್ ಕ್ಯಾಚೇ ದೊಡ್ಡದು ಅಂತಾರೆ. ಈ ಜಗಳ ಮುಗಿಯೋದಲ್ಲ, ಮುಗಿಯಲೂಬಾರದು.

ಆದರೆ ಕ್ಯಾಚ್ ಅಂದ್ರೆ ಏನು? ಬೌಲರ್ ಕೈಯಿಂದ ಹೊರಟ ಚೆಂಡು ಬ್ಯಾಟಿಗೆ ತಾಗಿ ಇನ್ನೊಬ್ಬ ಆಟಗಾರನ ಕೈ ಸೇರೋದು, ಅಷ್ಟೇ. ಸುಮಾರು 120 ವರ್ಷದ ಹಿಂದೆ ಇದೇ ಸಣ್ಣ ವಿಷಯ ನಮ್ಮ ದೇಶದಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಬೌಲರ್ ಮುಟ್ಟಿದ ಚೆಂಡನ್ನು ಹಿಡಿಯೋಕೆ ಮೇಲ್ಜಾತಿ ಆಟಗಾರರು ರೆಡಿ. ಅದೇ ಬೌಲರ್ ಮುಟ್ಟಿದ ಲೋಟ ಮಾತ್ರ ಅವರಿಗೆ ಆಗ್ತಿರಲಿಲ್ಲ. ಆ ಬೌಲರ್ ಹೆಸರು ಪಲ್ವಂಕರ್ ಬಾಲೂ.

ತಿಂಗಳಿಗೆ ಮೂರು ರೂಪಾಯಿ ಕೆಲಸ

ಬಾಲೂ ಹುಟ್ಟಿದ್ದು 1876ರ ಮಾರ್ಚ್ 19ರಂದು, ನಮ್ಮ ಧಾರವಾಡದಲ್ಲಿ. ಮನೆಯವರು ಮೂಲತಃ ಕೊಂಕಣದ ಕಡೆಯವರು, ಚರ್ಮದ ಕೆಲಸದ ಸಮುದಾಯಕ್ಕೆ ಸೇರಿದವರು. ಅಂದರೆ ಆಗಿನ ಲೆಕ್ಕದಲ್ಲಿ ಅಸ್ಪೃಶ್ಯರು. ಕ್ರಿಕೆಟ್ ಚೆಂಡಿನ ಹೊದಿಕೆಯೂ ಚರ್ಮದ್ದೇ ಅನ್ನೋದನ್ನ ಇಲ್ಲಿ ನೆನಪಿಟ್ಟುಕೊಳ್ಳಿ. ಕುಟುಂಬ ಪುಣೆಗೆ ಹೋಯ್ತು. ಅಲ್ಲಿ ಸೇನೆಯ ಬ್ರಿಟಿಷ್ ಅಧಿಕಾರಿಗಳು ಆಡಿ ಬಿಸಾಕಿದ ಸಾಮಾನಿನಲ್ಲಿ ಬಾಲೂ ಮತ್ತು ತಮ್ಮಂದಿರು ಆಟ ಕಲಿತರು.

ಮೊದಲ ಕೆಲಸ ಸಿಕ್ಕಿದ್ದು ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸೋದು, ರೋಲರ್ ಎಳೆಯೋದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ ಸೇರಿದರು, ಸಂಬಳ 4 ರೂಪಾಯಿ ಆಯ್ತು. ಅಲ್ಲಿ ನೆಟ್ ಕಟ್ಟಬೇಕು, ಪಿಚ್ ಸಿದ್ಧ ಮಾಡಬೇಕು, ಪುರುಸೊತ್ತಾದಾಗ ಸಾಹೇಬರಿಗೆ ಬೌಲಿಂಗ್ ಮಾಡಬೇಕು.

ಜೆ. ಜಿ. ಗ್ರೇಗ್ ಅಂತ ಒಬ್ಬರು ಇಂಗ್ಲಿಷ್ ಬ್ಯಾಟ್ಸ್‌ಮನ್ ಇದ್ದರು, ಆ ಕಾಲಕ್ಕೆ ಭಾರಿ ಹೆಸರು. ಬೇರೆಯವರಿಗಿಂತ ಮುಂಚೆ ಮೈದಾನಕ್ಕೆ ಬಂದು ಬಾಲೂ ಕೈಯಲ್ಲಿ ಬೌಲಿಂಗ್ ಮಾಡಿಸಿಕೊಂಡು ಅಭ್ಯಾಸ ಮಾಡೋರು. ತನ್ನನ್ನು ಔಟ್ ಮಾಡಿದಾಗೆಲ್ಲ ಬಾಲೂಗೆ ಎಂಟಾಣೆ ಕೊಡ್ತಿದ್ದರು ಅಂತ ಕಥೆಯಿದೆ. ಎಡಗೈ ಸ್ಪಿನ್ನರ್ ಆಗಿ ಬಾಲೂ ಪಳಗಿದ್ದು ಹೀಗೆ. ಗಂಟೆಗಟ್ಟಲೆ, ವರ್ಷಗಟ್ಟಲೆ ಬೌಲಿಂಗ್ ಮಾಡಿದರೂ ಅಲ್ಲಿ ಅವರ ಕೈಗೆ ಒಂದು ಸಲ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರ ಕೆಲಸ, ಬೆವರು ಸುರಿಸಿ ಚೆಂಡೆಸೆಯೋದು ಆಳಿನ ಕೆಲಸ ಅನ್ನೋ ಕಾಲ ಅದು.

ಮೈದಾನದ ಒಳಗೊಂದು, ಹೊರಗೊಂದು

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಯುರೋಪಿಯನ್ನರನ್ನು ಸೋಲಿಸಬೇಕು ಅನ್ನೋ ಆಸೆ. ಬಾಲೂ ಇದ್ದರೆ ಗೆಲ್ಲಬಹುದು ಅಂತ ಎಲ್ಲರಿಗೂ ಗೊತ್ತು. ಆದರೆ ಜಾತಿ? ಚರ್ಚೆ ನಡೆದು ಕೊನೆಗೆ ಟೀಮಿಗೆ ಸೇರಿಸಿಕೊಂಡರು. ಸೇರಿಸಿಕೊಂಡಿದ್ದು ಮೈದಾನಕ್ಕೆ ಮಾತ್ರ. ಟೀ ಹೊತ್ತಿಗೆ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಲೂಗೆ ಹೊರಗೆ, ಕುಡಿದು ಬಿಸಾಕುವ ಮಣ್ಣಿನ ಲೋಟದಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಲು ನೀರು ತಂದುಕೊಡೋಕೂ ಅವರ ಜಾತಿಯವನೇ ಬರಬೇಕು, ಅದೂ ಮೈದಾನದ ಮೂಲೆಗೆ.

ಹೋಟೆಲಲ್ಲಿ ಎರಡು ಲೋಟ ಇಡೋ ಪದ್ಧತಿ ಬಗ್ಗೆ ನಮ್ಮ ಕಡೆಯ ಹಿರಿಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಒಂದು ವಿಚಿತ್ರ ಗಮನಿಸಿ. ಬಾಲೂ ಬೆರಳಲ್ಲಿ ತಿರುಗಿದ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಮೇಲೆ ಹಾರಿದರೆ, ಅದನ್ನ ಹಿಡಿಯೋಕೆ ಅದೇ ಮೇಲ್ಜಾತಿ ಫೀಲ್ಡರ್ ಓಡಿ ಬರೋನು. ಹಿಡಿದ ಮೇಲೆ ಅದೇ ಚೆಂಡನ್ನ ವಾಪಸ್ ಬಾಲೂ ಕೈಗೆ ಎಸೆಯೋನು. ಆಗ ಮೈಲಿಗೆ ಇಲ್ಲ. ಅಂಪೈರ್ ಟೀ ಅಂದ ಕೂಡಲೇ ಮೈಲಿಗೆ ಶುರು.

ಪ್ಲೇಗ್ ಬಂದ ಕಾಲದಲ್ಲಿ ಬಾಲೂ ಪುಣೆ ಬಿಟ್ಟು ಮುಂಬೈ ಸೇರಿದರು. ಅಲ್ಲಿನ ಹಿಂದೂ ಜಿಮ್ಖಾನಾ ಅವರನ್ನು ಟೀಮಿಗೆ ತಗೊಂಡಿತು. ಜೊತೆಯಲ್ಲೇ ಕೂತು ಊಟ ಮಾಡುವಷ್ಟು ಅಲ್ಲಿ ಬದಲಾವಣೆ ಬಂತು.

1906ರ ಆ ಮ್ಯಾಚ್

1905ರಲ್ಲಿ ಬಂಗಾಳ ವಿಭಜನೆಯಾಗಿ ದೇಶದಲ್ಲೆಲ್ಲ ಸ್ವದೇಶಿ ಚಳವಳಿಯ ಬಿಸಿ. ಅದೇ ಹೊತ್ತಿಗೆ, 1906ರ ಫೆಬ್ರವರಿಯಲ್ಲಿ ಮುಂಬೈನಲ್ಲಿ ಹಿಂದೂಗಳು ಮತ್ತು ಯುರೋಪಿಯನ್ನರ ನಡುವೆ ಮ್ಯಾಚ್. ಹಿಂದೂಗಳ ಸ್ಕೋರ್ 242 ಮತ್ತು 160. ಯುರೋಪಿಯನ್ನರದ್ದು 191. ಗೆಲ್ಲೋಕೆ ಬೇಕಾಗಿದ್ದು 212 ರನ್. 102ಕ್ಕೆ ಎಲ್ಲರೂ ಔಟ್! ಬಾಲೂ ಸೇರಿ ನಮ್ಮ ಬೌಲರ್‌ಗಳ ಮುಂದೆ ಆಳುವವರು ನಿಲ್ಲಲಿಲ್ಲ. 109 ರನ್‌ಗಳ ಗೆಲುವು. ಬಾಲೂ ತಮ್ಮ ಶಿವರಾಮ್ ಕೂಡ ಆ ಟೀಮಿನಲ್ಲಿದ್ದರು.

ಟಿವಿ, ರೇಡಿಯೋ ಏನೂ ಇಲ್ಲದ ಕಾಲ. ಮ್ಯಾಚಿನ ಸುದ್ದಿ ಪತ್ರಿಕೆಗಳಲ್ಲಿ ಬಂತು, ಬಾಯಿಂದ ಬಾಯಿಗೆ ಹರಡಿತು. ಜಾತಿ ಬಿಟ್ಟು ಒಟ್ಟಿಗೆ ಆಡಿದ್ದಕ್ಕೇ ಗೆದ್ದರು ಅಂತ ಸುಧಾರಕರ ಪತ್ರಿಕೆಗಳು ಬರೆದವು.

1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯ್ತು. ತಂಡ ಸಾಲು ಸಾಲು ಸೋತಿತು, ಬಾಲೂ ಮಾತ್ರ ಸೋಲಲಿಲ್ಲ. ಆಗ ಅವರಿಗೆ 35 ವರ್ಷ. ಆ ಪ್ರವಾಸದಲ್ಲಿ ಅವರು ತೆಗೆದಿದ್ದು 114 ವಿಕೆಟ್. ಲೀಸ್ಟರ್‌ಶೈರ್, ಸಾಮರ್ಸೆಟ್ ಕೌಂಟಿ ತಂಡಗಳನ್ನ ನಮ್ಮವರು ಸೋಲಿಸಿದ್ದು ಆಗಲೇ.

ವಾಪಸ್ ಬಂದಾಗ ಮುಂಬೈನ ದಲಿತ ಸಮುದಾಯದವರು ಸನ್ಮಾನ ಇಟ್ಟುಕೊಂಡರು. ಅಲ್ಲಿ ಕೊಟ್ಟ ಮಾನಪತ್ರದ ಹಿಂದೆ ಎಲ್ಫಿನ್‌ಸ್ಟನ್ ಕಾಲೇಜಿನ ಒಬ್ಬ ಯುವಕನ ಪಾಲಿತ್ತು. ಆತ ಭೀಮರಾವ್ ಅಂಬೇಡ್ಕರ್. ಬಾಲೂ ಅವರ ಅಭಿಮಾನಿಗಳಲ್ಲಿ ಅತಿ ದೊಡ್ಡ ಹೆಸರು ಇದೇ ಇರಬೇಕು.

ಕ್ಯಾಪ್ಟನ್ ಪಟ್ಟ

ಇಷ್ಟೆಲ್ಲ ಆದರೂ ಹಿಂದೂ ತಂಡದ ಕ್ಯಾಪ್ಟನ್ ಪಟ್ಟ ಬಾಲೂಗೆ ಸಿಗಲಿಲ್ಲ. ವರ್ಷ ವರ್ಷವೂ ಮೇಲ್ಜಾತಿಯವರಿಗೇ ಹೋಯ್ತು. ಹಾಗೆ ಕ್ಯಾಪ್ಟನ್ ಆದ ಎಂ. ಡಿ. ಪೈ ಅವರೇ, ಇದು ಹಿರಿಯರಾದ ಬಾಲೂಗೆ ಸಿಗಬೇಕಾಗಿತ್ತು ಅಂತ ಸಭೆಯಲ್ಲಿ ಬಹಿರಂಗವಾಗಿ ಹೇಳಿದರು. 1920ರಲ್ಲಿ ಬಾಲೂ ಅವರನ್ನ ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ಜಾತಿ ತಾರತಮ್ಯದ ಆರೋಪ ಮಾಡಿ ಹೊರಗೆ ಬಂದರು. ಗಲಾಟೆ ಜೋರಾಯ್ತು. ಮುಂದಿನ ಪಂದ್ಯಕ್ಕೆ ಅಣ್ಣತಮ್ಮಂದಿರನ್ನ ವಾಪಸ್ ಕರೆದರು, ಬಾಲೂ ಉಪನಾಯಕರಾದರು. ಪೈ ಮೈದಾನ ಬಿಟ್ಟು ಹೋದ ಸ್ವಲ್ಪ ಹೊತ್ತು ತಂಡವನ್ನು ನಡೆಸಿದ್ದು ಬಾಲೂ. ಅವರಿಗೆ ಸಿಕ್ಕಿದ್ದು ಅಷ್ಟೇ.

1923ರಲ್ಲಿ ವಿಠ್ಠಲ್ ಕ್ಯಾಪ್ಟನ್ ಆದರು. ಯುರೋಪಿಯನ್ನರನ್ನ ಸೋಲಿಸಿದ ದಿನ ಮೇಲ್ಜಾತಿಯವರೇ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನ ಲೋಟ ಮುಟ್ಟದ ಸಮಾಜ ತಮ್ಮನನ್ನ ಹೊತ್ತುಕೊಳ್ಳೋ ಹೊತ್ತಿಗೆ ಅಣ್ಣನ ಆಟ ಮುಗಿದಿತ್ತು.

ಅಭಿಮಾನಿಯ ಎದುರೇ ಚುನಾವಣೆ

ಆಮೇಲೆ ಬಾಲೂ ರಾಜಕೀಯಕ್ಕೆ ಬಂದರು. ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಅವರು ಅಂಬೇಡ್ಕರ್ ಅವರನ್ನ ಒಪ್ಪಲಿಲ್ಲ, ಗಾಂಧೀಜಿ ಕಡೆ ನಿಂತರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಮುಂಬೈನ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ ಅವರನ್ನ ಅಂಬೇಡ್ಕರ್ ಎದುರೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಲೂಗೆ 11,225. ಸಂತೆಮರಹಳ್ಳಿಯಲ್ಲಿ 2004ರಲ್ಲಿ ಒಂದೇ ಒಂದು ಮತದ ಸೋಲು-ಗೆಲುವು ನೋಡಿದ ನಮ್ಮ ಜಿಲ್ಲೆಯವರಿಗೆ 2,020 ಮತದ ಅಂತರ ದೊಡ್ಡದು ಅನ್ನಿಸಬಹುದು. ಆದರೆ ಅಂಬೇಡ್ಕರ್ ಎದುರು ಅಷ್ಟು ಮತ ತಗೊಂಡಿದ್ದು ಸಣ್ಣ ಮಾತಲ್ಲ. ಯಾರ ದಾರಿ ಸರಿ ಅನ್ನೋದನ್ನ ಓದುಗರೇ ತೀರ್ಮಾನಿಸಲಿ. ಇಬ್ಬರೂ ಉಂಡಿದ್ದು ಒಂದೇ ನೋವು.

1955ರ ಜುಲೈ 4ರಂದು ಬಾಲೂ ಮುಂಬೈನಲ್ಲಿ ತೀರಿಕೊಂಡರು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಪ್ರತಿ ವಿಕೆಟ್‌ಗೆ ಕೊಟ್ಟಿದ್ದು 15 ರನ್ ಚಿಲ್ಲರೆ. ಲಗಾನ್ ಸಿನಿಮಾದ ಸ್ಪಿನ್ನರ್ ಕಚ್ರಾ ಪಾತ್ರ ನೋಡಿದಾಗ ತಿಳಿದವರಿಗೆ ನೆನಪಾಗಿದ್ದು ಇವರೇ.

ಕಪಿಲ್ ಕ್ಯಾಚ್ ಮೊಬೈಲಲ್ಲಿ ಯಾವಾಗ ಬೇಕಾದರೂ ಸಿಗುತ್ತೆ. ಬಾಲೂ ಬೌಲಿಂಗಿಗೆ ಹಿಡಿದ ಕ್ಯಾಚ್‌ಗಳು ಹಾಗೆ ಸಿಗಲ್ಲ, ಅವನ್ನ ಯಾರಾದರೂ ಹೇಳಬೇಕು. ಬರೋ ಭಾನುವಾರ ಟೀ ಅಂಗಡಿ ಮುಂದೆ ಕ್ಯಾಚ್ ಜಗಳ ಶುರುವಾದಾಗ ಧಾರವಾಡದಲ್ಲಿ ಹುಟ್ಟಿದ ಈ ಬೌಲರ್ ಹೆಸರನ್ನೂ ಒಂದು ಸಲ ಹೇಳಿ. ಹಾಗೇ ಅಂಗಡಿಯಲ್ಲಿ ಎಲ್ಲರ ಕೈಗೂ ಒಂದೇ ಥರದ ಲೋಟ ಬರ್ತಿದೆಯಾ ಅಂತಾನೂ ನೋಡಿ.