ಹೊಸೂರಿನ ಗಡಿಯಾರಕ್ಕೂ ಆಕಾಶಕ್ಕೂ ನಂಟು

ಚೆನ್ನೈನಿಂದ ಬೆಂಗಳೂರಿಗೆ ಹೊರಟಾಗಲೆಲ್ಲ, ಹೊಸೂರು ಹತ್ತಿರವಾಗುತ್ತಿದ್ದಂತೆ ನನಗೆ ಜೆ.ಆರ್.ಡಿ. ಟಾಟಾ ನೆನಪಾಗುತ್ತಾರೆ. ಟೈಟಾನ್ ಗಡಿಯಾರದ ಕಾರ್ಖಾನೆ ಇರುವುದು ಅಲ್ಲೇ.

ದುಬಾರಿ ಕೈಗಡಿಯಾರದ ಕಂಪನಿಗಳು ವಿಮಾನ ಹಾರಿಸುವವರನ್ನು, ಹಿಮದ ಮೇಲೆ ಜಾರುವ ಸಾಹಸಿಗಳನ್ನು ಮುಂದಿಟ್ಟುಕೊಂಡು ಹೆಸರು ಮಾಡುವುದು ಹಳೆಯ ರೂಢಿ. 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ದಾಟಿದ ಲೂಯಿ ಬ್ಲೇರಿಯೊ ಕಟ್ಟಿಕೊಂಡಿದ್ದು ಜೆನಿತ್ ಗಡಿಯಾರ ಎಂದು ಆ ಕಂಪನಿ ಈಗಲೂ ಹೇಳಿಕೊಳ್ಳುತ್ತದೆ. 1904ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಜೆ.ಆರ್.ಡಿ. ಕುಟುಂಬದ ಬೇಸಿಗೆ ಮನೆಗೆ ಇದೇ ಬ್ಲೇರಿಯೊ ನೆರೆಯವರು. ಹುಡುಗನಿಗೆ ವಿಮಾನದ ಹುಚ್ಚು ಹತ್ತಿದ್ದು ಅಲ್ಲಿಯೇ.

1929ರಲ್ಲಿ ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಪರವಾನಗಿ ಅವರ ಕೈಸೇರಿತು. ಮರುವರ್ಷ ಆಗಾ ಖಾನ್ ಬಹುಮಾನಕ್ಕಾಗಿ ಭಾರತ–ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಹಾರುವ ಸ್ಪರ್ಧೆ. ಈಜಿಪ್ಟಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತುಬಿಟ್ಟಿದ್ದ ಎದುರಾಳಿ ಆಸ್ಪಿ ಎಂಜಿನಿಯರ್‌ಗೆ ಜೆ.ಆರ್.ಡಿ. ತಮ್ಮ ಬಳಿಯಿದ್ದದ್ದನ್ನು ಕೊಟ್ಟರು. ಗೆದ್ದದ್ದು ಆಸ್ಪಿ.

1932ರ ಅಕ್ಟೋಬರ್ 15ರಂದು ಕರಾಚಿಯಿಂದ ಬೊಂಬಾಯಿಗೆ ಟಪಾಲು ಹೊತ್ತ ವಿಮಾನವನ್ನು ಅವರೇ ಹಾರಿಸಿದರು. ಅಲ್ಲಿಂದ ಮುಂದೆ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮಾರ್ಗವಾಗಿ ಅದನ್ನು ಮದ್ರಾಸಿಗೆ ತಂದರು. ಮಳೆಗಾಲದಲ್ಲೂ ನಿಲ್ಲದ ಈ ಟಪಾಲು ಸೇವೆ ಹೆಸರು ಗಳಿಸಿದ್ದು ಸಮಯಪಾಲನೆಯಿಂದ. ಮುಂದೆ ಇದೇ ಏರ್ ಇಂಡಿಯಾ ಆಯಿತು. 1953ರಲ್ಲಿ ಸಂಸ್ಥೆ ಸರ್ಕಾರದ ಪಾಲಾದ ಮೇಲೂ 1978ರವರೆಗೆ ಅಧ್ಯಕ್ಷರಾಗಿದ್ದು, ವಿಮಾನದೊಳಗಿನ ಸಣ್ಣಪುಟ್ಟ ಕುಂದುಗಳನ್ನೂ ತಾವೇ ಗುರುತು ಹಾಕಿಕೊಂಡು ಸರಿಪಡಿಸಿದರು.

ಸಾಹಸದ ಗೀಳು ಇಳಿವಯಸ್ಸಿನಲ್ಲೂ ಬಿಡಲಿಲ್ಲ. ಹಿಮದಲ್ಲಿ ಸ್ಕೀ ಮಾಡುತ್ತಿದ್ದರು. 1982ರಲ್ಲಿ, 78ನೆಯ ವಯಸ್ಸಿನಲ್ಲಿ, ಕರಾಚಿ–ಬೊಂಬಾಯಿ ಹಾರಾಟವನ್ನು ಮತ್ತೆ ಒಬ್ಬರೇ ಮಾಡಿ ತೋರಿಸಿದರು.

ಎರಡು ವರ್ಷದ ಬಳಿಕ ಟಾಟಾ ಸಮೂಹ ತಮಿಳುನಾಡು ಸರ್ಕಾರದ ಟಿಡ್ಕೊ ಜೊತೆ ಸೇರಿ ಟೈಟಾನ್ ಆರಂಭಿಸಿತು. ಟಾಟಾ ಇಂಡಸ್ಟ್ರೀಸ್‌ನ ‘ಟೈ’, ತಮಿಳುನಾಡಿನ ‘ಟಾನ್’ ಕೂಡಿದ ಹೆಸರದು. ಕಂಪನಿಯನ್ನು ಕಟ್ಟಿ ಬೆಳೆಸಿದವರು ಜರ್ಕ್ಸಿಸ್ ದೇಸಾಯಿ. ಆಗ ಟಾಟಾ ಸನ್ಸ್ ಅಧ್ಯಕ್ಷರು ಜೆ.ಆರ್.ಡಿ. ಬೇರೆ ಕಂಪನಿಗಳು ಹಣ ಕೊಟ್ಟು ಪೈಲಟ್‌ಗಳನ್ನು ಹುಡುಕಿದರೆ, ಈ ಗಡಿಯಾರದ ಮನೆಯ ಹಿರಿಯನೇ ಪೈಲಟ್. ಆದರೂ ಜನ ಆ ಗಡಿಯಾರ ಕೊಂಡದ್ದು ಅವರ ಹಾರಾಟ ಕಂಡಲ್ಲ, ಟಾಟಾ ಎಂಬ ಹೆಸರಿನ ಮೇಲಿನ ಭರವಸೆಯಿಂದ.

1992ರಲ್ಲಿ ಭಾರತರತ್ನ ಬಂತು. 1993ರ ನವೆಂಬರ್ 29ರಂದು ಅವರು ತೀರಿಕೊಂಡದ್ದು ಗಡಿಯಾರಗಳ ಊರಾದ ಜಿನೀವಾದಲ್ಲಿ. ಜಾಹೀರಾತಿಗೆ ಪೈಲಟ್‌ನ ಮುಂಗೈ ಬಾಡಿಗೆಗೆ ಸಿಗಬಹುದು. ಹೇಳಿದ ಹೊತ್ತಿಗೆ ಟಪಾಲು ತಲುಪಿಸಿ ಗಳಿಸಿದ ನಂಬಿಕೆ ಸಿಗುವುದಿಲ್ಲ. ಊರು ಬಿಟ್ಟು ಬಂದು ಹೊಸಬರ ನಡುವೆ ಹೆಸರು ಮಾಡಬೇಕಾದ ನಮ್ಮಂಥವರಿಗೂ ಬಂಡವಾಳ ಅದೇ.